ಮೂಟೆ ಹೊರುವವರ ಸಭೆಗೆ ಮಠದಲ್ಲಿ ಜಾಗವಿಲ್ಲವೇ?



ಹುತ್ರಿದುರ್ಗದ ಬೆಟ್ಟದ ಬುಡದ ನಮ್ಮ ಹಳ್ಳಿಗಳಲ್ಲಿ ಈಗ ಕೋಳಿ ಕೂಗುವುದಕ್ಕೆ ಮುಂಚೆ ಬಸ್ಸಿನ ಹಾರನ್ ಕೂಗುತ್ತದೆ. ನಾಲ್ಕೂಮುಕ್ಕಾಲಕ್ಕೆ ಮೊದಲ ಬಸ್ಸು, ಐದೂಕಾಲಕ್ಕೆ ಎರಡನೆಯದು. ಇದು ಸರ್ಕಾರಿ ಬಸ್ಸಲ್ಲ. ನೆಲಮಂಗಲ, ದಾಬಸ್‌ಪೇಟೆ ಕಡೆಯ ಗೋಡೌನುಗಳಿಗೆ ಆಳು ಕರೆದೊಯ್ಯುವ ಏಜೆನ್ಸಿಯವರ ಬಸ್ಸು. ನಿವೃತ್ತನಾಗಿ ಊರು ಸೇರಿದ ಮೇಲೆ ಇಷ್ಟಲಿಂಗ ಪೂಜೆಗೆಂದು ನಾನು ಏಳುವ ಹೊತ್ತೂ ಅದೇ. ವಿಭೂತಿ ಧರಿಸಿ ಕೂರುವ ಹೊತ್ತಿಗೆ ಹಟ್ಟಿ ಬಾಗಿಲಲ್ಲಿ ಚಪ್ಪಲಿ ಸದ್ದು, ಟಿಫನ್ ಬಾಕ್ಸಿನ ಸದ್ದು. ನನ್ನ ತಮ್ಮನ ಮಗನೂ ಆ ಬಸ್ಸಿಗೆ ಓಡುತ್ತಾನೆ. ಡಿಗ್ರಿ ಮುಗಿಸಿದ್ದಾನೆ. ಎರಡು ಎಕರೆ ರಾಗಿ ಹೊಲ, ನಾಲ್ಕು ತೆಂಗಿನ ಸಾಲು ಇಬ್ಬರು ಅಣ್ಣತಮ್ಮಂದಿರಿಗೆ ಸಾಲುವುದಿಲ್ಲ ಎಂದು ಎಲ್ಲರಿಗೂ ಗೊತ್ತು.

ಕಳೆದ ಶ್ರಾವಣದಲ್ಲಿ ಅವನೂ ಅವನ ಜೊತೆಯ ಹುಡುಗರೂ ನನ್ನ ಬಳಿ ಬಂದರು. ಜಾತಿ ಕೇಳುವುದು ನಮ್ಮ ಧರ್ಮವಲ್ಲ, ಆದರೂ ಹೇಳುತ್ತೇನೆ: ನಮ್ಮವರು, ಒಕ್ಕಲಿಗರು, ದಲಿತರ ಹುಡುಗರು, ಇಬ್ಬರು ಮುಸಲ್ಮಾನರು, ಎಲ್ಲರೂ ಇದ್ದರು. ನಾಲ್ಕು ಜನ ಹೆಣ್ಣುಮಕ್ಕಳೂ ಇದ್ದರು. ಕೇಳಿದ್ದು ಇಷ್ಟೇ. ಒಂದು ಭಾನುವಾರ ಎರಡು ಗಂಟೆ ಕಾಲ ಕೂತು ಮಾತಾಡಲು ಒಂದು ಜಾಗ ಬೇಕು, ಸಂಘ ಮಾಡಿಕೊಳ್ಳುವ ಯೋಚನೆ ಇದೆ, ಗೋಡೌನಿನ ಹತ್ತಿರ ಸೇರಿದರೆ ಮಾರನೇ ದಿನ ಗೇಟಿನಲ್ಲಿ ಕಾರ್ಡು ಕೆಲಸ ಮಾಡುವುದಿಲ್ಲ. ನಮ್ಮ ಭಾಗದ ಒಂದು ಮಠದ ಸಮುದಾಯ ಭವನ ಆ ಭಾನುವಾರ ಖಾಲಿ ಇತ್ತು. ನಾನೇ ಅರ್ಜಿ ಬರೆದುಕೊಟ್ಟೆ. ಭವನದ ಉಸ್ತುವಾರಿಯವರು ನನಗೆ ಬಹಳ ಕಾಲದ ಪರಿಚಿತರು, ಸಜ್ಜನರು. ಅರ್ಜಿ ಓದಿ ನಕ್ಕರು. "ಮದುವೆಗೆ ಕೇಳಿ, ನಾಮಕರಣಕ್ಕೆ ಕೇಳಿ, ವಚನ ಪಾರಾಯಣಕ್ಕೆ ಕೇಳಿ, ಬೀಗದ ಕೈ ನಾನೇ ತಂದು ಕೊಡ್ತೀನಿ. ಯೂನಿಯನ್ನಿಗೆ ಮಾತ್ರ ಬೇಡಿ ಸಾಹೇಬ್ರೇ. ಕಾಯಕ ಮಾಡೋರಿಗೆ ಸಂಘ ಯಾಕೆ?"

ಆ ಕೊನೆಯ ಮಾತು ನನ್ನ ನಿದ್ದೆ ಕೆಡಿಸಿತು. ಅದಕ್ಕೇ ಈ ಲೇಖನ.

ಮೊದಲು ಕೆಲಸ ಎಂಥದ್ದು ಅಂತ ಹೇಳಬೇಕು. ನಾನು ಭಾಷಣಕಾರನಲ್ಲ, ಲೆಕ್ಕದ ಮನುಷ್ಯ. ಹತ್ತು ಟನ್ನಿನ ಒಂದು ಲಾರಿಯಲ್ಲಿ 50 ಕಿಲೋ ತೂಕದ 200 ಚೀಲ ಬರುತ್ತದೆ. ಆರು ಜನ ಹಮಾಲರು ಇಳಿಸಿದರೆ ತಲೆಗೆ 33 ಚೀಲ, ಅಂದರೆ ಒಂದೂವರೆ ಟನ್ನಿಗಿಂತ ಜಾಸ್ತಿ. ದಿನಕ್ಕೆ ನಾಲ್ಕು ಲಾರಿ ಎಂದರೆ ಒಬ್ಬನ ಬೆನ್ನ ಮೇಲೆ ಆರೂವರೆ ಟನ್ ಹಾದುಹೋಯಿತು. ವರ್ಷಕ್ಕೆ 250 ದಿನ, ಹೀಗೆ ಇಪ್ಪತ್ತು ವರ್ಷ ಹೊತ್ತರೆ 32 ಸಾವಿರ ಟನ್ ದಾಟುತ್ತದೆ. ಐದು ಸಾವಿರ ಟನ್ನಿನ ಗೋದಾಮನ್ನು ಒಬ್ಬ ಮನುಷ್ಯ ಆರು ಸಲ ತುಂಬಿಸಿದ ಹಾಗೆ. ಇದು ಸುಲಭದ ದಿನಗಳ ಲೆಕ್ಕ. ರಾಗಿ ಖರೀದಿ ಕೇಂದ್ರ ತೆರೆದಾಗ ಕುಣಿಗಲ್, ಗುಬ್ಬಿ, ತಿಪಟೂರಿನ ಗೋದಾಮುಗಳ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುವುದನ್ನು ನೀವೂ ನೋಡಿದ್ದೀರಿ. ಅಷ್ಟೂ ಚೀಲ ಇಳಿಯುವುದು ಮನುಷ್ಯರ ಬೆನ್ನಿನಿಂದಲೇ. 2013ರಿಂದ ಮನೆಮನೆಗೆ ಬರುತ್ತಿರುವ ಅನ್ನಭಾಗ್ಯದ ಅಕ್ಕಿಯ ಕತೆಯೂ ಇದೇ. ಎಪಿಎಂಸಿಯ ಹುಣಸೆ, ಅಡಿಕೆ, ಕೊಬ್ಬರಿಯದ್ದೂ ಇದೇ.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಕ್ವಿಂಟಲ್ ಚೀಲ ಇನ್ನೂ ಇತ್ತು. ಅದನ್ನು ಹೊತ್ತವರು ಈಗಲೂ ತುಮಕೂರಿನ ಮಂಡಿಗಳ ಜಗಲಿಯಲ್ಲಿ ಕಾಣಸಿಗುತ್ತಾರೆ. ಕೂತರೆ ಏಳಲು ಗೋಡೆ ಹಿಡಿಯಬೇಕು, ಕತ್ತು ತಿರುಗಬೇಕಾದರೆ ಮೈಯೂ ತಿರುಗಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ವಯಸ್ಕ ಗಂಡಸು ಹೊರುವ ಭಾರವನ್ನು 55 ಕಿಲೋಗೆ ಇಳಿಸಬೇಕೆಂದು ಶಿಫಾರಸು ಮಾಡಿತ್ತು. ನಮ್ಮ ವೃತ್ತಿಯಲ್ಲಿ ಪ್ರತಿ ಕ್ರೇನಿನ ಮೇಲೂ ಸುರಕ್ಷಿತ ಭಾರ ಇಷ್ಟು ಎಂದು ಬರೆದಿರಬೇಕು, ಬರೆಯದಿದ್ದರೆ ಇನ್ಸ್‌ಪೆಕ್ಟರ್ ಮುಟ್ಟಗೊಡುವುದಿಲ್ಲ. ಲಾರಿಗೂ ಆರ್‌ಸಿ ಪುಸ್ತಕದಲ್ಲಿ ಬರೆದಿರುತ್ತದೆ. ಬೆನ್ನಿನ ಮೇಲೆ ಯಾರೂ ಬರೆಯಲಿಲ್ಲ.

ಇದು ಹಳೆಯ ಗೋದಾಮಿನ ಮಾತಾಯಿತು. ಹುಡುಗರು ಹೋಗುವುದು ಹೊಸ ಬಗೆಯದಕ್ಕೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಕಂಪನಿಗಳಿಗೆ ತೆರಿಗೆಯ ಸಲುವಾಗಿ ರಾಜ್ಯಕ್ಕೊಂದು ಸಣ್ಣ ಗೋಡೌನು ಇಡುವ ಅಗತ್ಯ ತಪ್ಪಿತು. ದೊಡ್ಡದೊಂದನ್ನು ಹೆದ್ದಾರಿ ಪಕ್ಕ ಕಟ್ಟಿದರೆ ಸಾಕು. ಮುಂಬಯಿ ಹೆದ್ದಾರಿಯೂ ಮಂಗಳೂರು ಹೆದ್ದಾರಿಯೂ ಕೂಡುವ ನೆಲಮಂಗಲ ಅದಕ್ಕೆ ಹೇಳಿ ಮಾಡಿಸಿದ ಜಾಗ. ನಲವತ್ತಡಿ ಎತ್ತರದ ತಗಡಿನ ಕಟ್ಟಡ, ಚದರ ಮೀಟರಿಗೆ ಐದು ಟನ್ ತಡೆಯುವ ನೆಲ. ಕಟ್ಟಡಗಳೇನೋ ಚೆನ್ನಾಗಿವೆ. ಅಲ್ಲಿ ಮೂಟೆ ಕಡಿಮೆ, ನಡಿಗೆ ಜಾಸ್ತಿ. ಕೈಯಲ್ಲೊಂದು ಸ್ಕ್ಯಾನರ್. ಅದು ಹೇಳಿದ ಕಪಾಟಿಗೆ ಹೋಗಬೇಕು, ಅದು ಹೇಳಿದ ಸಾಮಾನು ತೆಗೆಯಬೇಕು, ಗಂಟೆಗೆ ಇಷ್ಟು ಅಂತ ಟಾರ್ಗೆಟ್. ಸಕ್ಕರೆ ಕಾಯಿಲೆಗೆಂದು ನನ್ನ ಮಗಳು ಹೆಜ್ಜೆ ಎಣಿಸುವ ಕೈಪಟ್ಟಿ ಕೊಡಿಸಿದ್ದಾಳೆ. ಒಂದು ದಿನ ಅದನ್ನು ತಮ್ಮನ ಮಗನ ಕೈಗೆ ಕಟ್ಟಿ ಕಳಿಸಿದೆ. ಸಂಜೆ ನೋಡಿದರೆ 26 ಸಾವಿರ ಹೆಜ್ಜೆ. ನಾನು ವೈದ್ಯರ ಮಾತಿಗೆ ಹೆದರಿ ಕೆರೆ ಏರಿ ಮೇಲೆ ಓಡಾಡಿದರೂ ಆರು ಸಾವಿರ ಆಗುವುದಿಲ್ಲ. "ನೀರು ಎಷ್ಟು ಕುಡಿದೆಯಪ್ಪ?" ಎಂದೆ. "ನೀರು ಕುಡಿದ್ರೆ ಒಂದಕ್ಕೆ ಹೋಗ್ಬೇಕು ದೊಡ್ಡಪ್ಪ. ಬಚ್ಚಲು ಆ ತುದಿಗಿದೆ. ಹೋಗಿ ಬರೋದ್ರಲ್ಲಿ ಟಾರ್ಗೆಟ್ ಹೋಗುತ್ತೆ" ಎಂದ.

ಇದು ನಮ್ಮೂರ ಹುಡುಗನೊಬ್ಬನ ಪಾಡು ಮಾತ್ರ ಎಂದುಕೊಳ್ಳಬೇಡಿ. 2024ರ ಬೇಸಿಗೆಯಲ್ಲಿ ಹರಿಯಾಣದ ಮಾನೇಸರದ ಅಮೆಜಾನ್ ಗೋದಾಮಿನಲ್ಲಿ, ಆರು ಟ್ರಕ್ಕಿನ ಸರಕು ಇಳಿಸಿ ಮುಗಿಸುವ ತನಕ ನೀರಿಗೂ ಶೌಚಕ್ಕೂ ಹೋಗುವುದಿಲ್ಲ ಎಂದು ಕೆಲಸಗಾರರಿಂದ ಪ್ರತಿಜ್ಞೆ ಮಾಡಿಸಿದರೆಂದು ಪತ್ರಿಕೆಗಳಲ್ಲಿ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನೇ ಪ್ರಕರಣ ಕೈಗೆತ್ತಿಕೊಂಡು ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ನೋಟಿಸು ಕಳಿಸಿತು. ಪ್ರತಿಜ್ಞೆ! ನಾವು ದೀಕ್ಷೆಯ ಹೊತ್ತಿನಲ್ಲಿ ಬಳಸುವ ಪದ ಅದು.

ಇಲ್ಲಿ ನನ್ನದೂ ಒಂದು ತಪ್ಪು ಹೇಳಿಕೊಳ್ಳಬೇಕು. ಸೇವೆಯಲ್ಲಿದ್ದಾಗ ನಾನು ಹಲವು ಧಾನ್ಯದ ಗೋದಾಮುಗಳ ಕೆಲಸ ನೋಡಿಕೊಂಡಿದ್ದೇನೆ. ಲಾರಿಯ ಹಲಗೆಗೆ ಸಮನಾಗಿ ಜಗಲಿ ಎತ್ತರಿಸಿದ್ದು, ಇಲಿ ಹತ್ತದಂತೆ ಅಂಚು ಹೊರಚಾಚಿದ್ದು, ಅಕ್ಕಿಗೆ ಮುಗ್ಗಲು ಹಿಡಿಯದಂತೆ ಮೇಲೊಂದು ಕೆಳಗೊಂದು ವೆಂಟಿಲೇಟರ್ ಕೊಟ್ಟಿದ್ದು, ಮೂವತ್ತಡಿ ಉದ್ದ ಇಪ್ಪತ್ತಡಿ ಅಗಲದ ಅಟ್ಟಿಗಳ ನಡುವೆ ಓಣಿ ಬಿಟ್ಟಿದ್ದು, ಎಲ್ಲ ನಕ್ಷೆಯಲ್ಲಿತ್ತು. ಅಕ್ಕಿಗೆ ಗಾಳಿ ಬೇಕು ಎಂದು ಯೋಚಿಸಿದ್ದೆವು. ಆ ನಕ್ಷೆಗಳಲ್ಲಿ ಒಂದರಲ್ಲೂ ಹಮಾಲರಿಗೆ ಕೂರುವ ನೆರಳು ಇರಲಿಲ್ಲ, ಶೌಚಾಲಯ ಇದ್ದರೂ ಅದು ಕಚೇರಿ ಸಿಬ್ಬಂದಿಗೆ, ಬೀಗದ ಕೈ ಗುಮಾಸ್ತರ ಮೇಜಿನಲ್ಲಿ. ಒಮ್ಮೆ ಹಮಾಲರ ಮೇಸ್ತ್ರಿಯೊಬ್ಬರು ಬಂದು, "ಸ್ವಾಮಿ, ಒಂದು ನಲ್ಲಿ ಹಾಕ್ಸಿಕೊಡಿ" ಎಂದರು. ಎಸ್ಟಿಮೇಟಿನಲ್ಲಿ ಇಲ್ಲ ಎಂದು ಕಳಿಸಿದೆ. ಒಂದು ನಲ್ಲಿಗೆ ಎಷ್ಟಾಗುತ್ತಿತ್ತು? ಆ ಮೇಸ್ತ್ರಿ ಒಬ್ಬರೇ ಬಂದಿದ್ದರು, ಅದಕ್ಕೇ ಕಳಿಸಲು ನನಗೆ ಸಾಧ್ಯವಾಯಿತು. ಹಿಂದೆ ಅರವತ್ತು ಜನ ನಿಂತಿದ್ದರೆ ಮಾರನೇ ದಿನವೇ ಪೈಪು ಬರುತ್ತಿತ್ತು, ಎಸ್ಟಿಮೇಟು ತಾನೇ ದಾರಿ ಹುಡುಕಿಕೊಳ್ಳುತ್ತಿತ್ತು. ಸಂಘ ಯಾಕೆ ಎಂದು ಕೇಳುವವರಿಗೆ ನನ್ನ ಮೊದಲ ಉತ್ತರ ಇದು, ಮೇಜಿನ ಈಚೆ ಬದಿಯಲ್ಲಿ ಕೂತವನ ಉತ್ತರ.

ಎರಡನೆಯದು ಶರಣರಿಂದ ಕಲಿತದ್ದು. ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿದ ಮಾತನ್ನು ಇವತ್ತು ಗೋಡೆಗಳ ಮೇಲೆ ಬರೆಸುವವರು ಯಾರು ಗಮನಿಸಿದ್ದೀರಾ? ಹೆಚ್ಚಿನ ಕಡೆ ಕೆಲಸ ಮಾಡಿಸುವವರು. ಆ ಮಾತಿನ ಮೂಲದಲ್ಲಿರುವ ಆಯ್ದಕ್ಕಿ ಮಾರಯ್ಯನವರು ಕೆಲಸ ಮಾಡಿಸುವವರಾಗಿರಲಿಲ್ಲ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದವರು. ಗೋದಾಮಿನ ನೆಲ ಗುಡಿಸಿ ಕಾಳು ಹೆಕ್ಕುವವರ ಹಿರಿಯರು ಎನ್ನಿ. ಒಂದು ದಿನ ಅಕ್ಕಿ ಹೆಚ್ಚು ಬಂತು, ಲಕ್ಕಮ್ಮ ಗಂಡನನ್ನು ತಡೆದು, ನಮ್ಮದಲ್ಲದ್ದು ನಮಗೆ ಬೇಡ, ಅಲ್ಲೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದರು. ಈ ಕಥೆಯನ್ನು ಸಂಬಳ ಜಾಸ್ತಿ ಕೇಳುವವರ ಮುಂದೆ ಹೇಳುವ ಅಭ್ಯಾಸ ನಮ್ಮಲ್ಲಿ ಇದೆ: ನೋಡಿ, ಆಸೆ ಕೂಡದು. ಆದರೆ ಲಕ್ಕಮ್ಮನವರು ಕೇಳಿದ್ದು, ದುಡಿಯದೆ ಬಂದದ್ದು ಯಾರ ಮನೆಯಲ್ಲಿದೆ ಎಂದು. ಹನ್ನೆರಡು ಗಂಟೆ ದುಡಿಸಿ ಎಂಟು ಗಂಟೆ ಬರೆದುಕೊಂಡರೆ ಉಳಿದ ನಾಲ್ಕು ಗಂಟೆಯ ಅಕ್ಕಿ ಯಾರ ಸೆರಗಿನಲ್ಲಿದೆ? ಇಎಸ್‌ಐ ಹೆಸರಲ್ಲಿ ಹಿಡಿದ ಹಣ ಕಟ್ಟದೇ ಇದ್ದರೆ ಅದು ಯಾರ ಹಗೇವಿನಲ್ಲಿದೆ? ಲಕ್ಕಮ್ಮನವರು ಇವತ್ತು ಇದ್ದಿದ್ದರೆ ಹುಡುಗರಿಗಿಂತ ಮೊದಲು ಏಜೆನ್ಸಿಯವನನ್ನು ಬಾಗಿಲಲ್ಲಿ ನಿಲ್ಲಿಸುತ್ತಿದ್ದರು ಎಂದು ನನ್ನ ನಂಬಿಕೆ.

ಮೋಳಿಗೆ ಮಾರಯ್ಯನವರು ತಲೆಯ ಮೇಲೆ ಸೌದೆ ಹೊರೆ ಹೊತ್ತವರು. ಮೋಳಿಗೆ ಎಂದರೇನೇ ಹೊರೆ. ಕೊಟ್ಟಣದ ಸೋಮಮ್ಮನವರು ಭತ್ತ ಕುಟ್ಟಿದವರು. ನುಲಿಯ ಚಂದಯ್ಯನವರು ಹಗ್ಗ ಹೊಸೆದವರು. ಇವರೆಲ್ಲ ಕೆಲಸ ಮುಗಿಸಿ ಸುಮ್ಮನೆ ಮನೆಗೆ ಹೋಗಿ ಮಲಗಲಿಲ್ಲ. ಅನುಭವ ಮಂಟಪಕ್ಕೆ ಬಂದರು, ಅಲ್ಲಮಪ್ರಭುಗಳ ಮುಂದೆ ಮಂತ್ರಿಯ ಪಕ್ಕದಲ್ಲಿ ಕೂತು ಮಾತಾಡಿದರು, ತಪ್ಪು ಕಂಡಲ್ಲಿ ಬಸವಣ್ಣನವರನ್ನೂ ಬಿಡಲಿಲ್ಲ. ಕಾಯಕ ಮಾಡುವವರ ಸಭೆ ಎನ್ನುವುದನ್ನು ಈ ನೆಲದಲ್ಲಿ ಶುರು ಮಾಡಿದವರೇ ನಾವು. ಹೀಗಿರುವಾಗ ಕಾಯಕ ಮಾಡುವವರಿಗೆ ಸಂಘ ಯಾಕೆ ಎಂಬ ಪ್ರಶ್ನೆ ನಮ್ಮ ಮಠದ ಭವನದಲ್ಲೇ ಕೇಳಿಬಂತಲ್ಲ, ಅದೇ ನನಗೆ ನೋವು.

ಧರ್ಮ ಸುಧಾರಣೆ ಬೇರೆ, ಕಾರ್ಮಿಕರ ಗಲಾಟೆ ಬೇರೆ ಎಂದು ಕೆಲವರು ವಾದಿಸಬಹುದು. ಪಕ್ಕದ ಮಹಾರಾಷ್ಟ್ರ ಹಾಗೆ ಅಂದುಕೊಳ್ಳಲಿಲ್ಲ. ಭಾನುವಾರದ ರಜೆ ನಮಗೆ ಬ್ರಿಟಿಷರು ಪುಕ್ಕಟೆ ಕೊಟ್ಟದ್ದೆಂದು ನಾನೂ ತಿಳಿದಿದ್ದೆ. ಮುಂಬಯಿಯ ಗಿರಣಿ ಕೆಲಸಗಾರರಿಗೆ ಅದು 1890ರ ಜೂನ್ 10ರಂದು ಸಿಕ್ಕಿತು, ಅದಕ್ಕಾಗಿ ವರ್ಷಗಟ್ಟಲೆ ಬಡಿದಾಡಿದವರು ನಾರಾಯಣ ಮೇಘಾಜಿ ಲೋಖಂಡೆ, ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು. ಅದೇ ಪರಂಪರೆಯಿಂದ ಬಂದ ಡಾ. ಬಾಬಾ ಆಢಾವ್ ಅವರು 1950ರ ದಶಕದಲ್ಲಿ ಪುಣೆಯ ಮಾರುಕಟ್ಟೆಯಲ್ಲಿ ಹಮಾಲ ಪಂಚಾಯತ್ ಕಟ್ಟಿದರು. ಅವರು ವೈದ್ಯರು. ಮೂಟೆ ಹೊತ್ತು ಸವೆದ ಮೈಗಳನ್ನು ದವಾಖಾನೆಯಲ್ಲಿ ನೋಡಿದ್ದವರು. ಆ ಚಳವಳಿಗಳ ಒತ್ತಡದಿಂದ 1969ರಲ್ಲಿ ಮಹಾರಾಷ್ಟ್ರ ಸರ್ಕಾರ ಮಾಥಾಡಿ ಕಾರ್ಮಿಕರ ಕಾನೂನು ಮಾಡಿತು. (ಮಾಥಾಡಿ ಎಂದರೆ ತಲೆಯ ಮೇಲೆ ಹೊರುವವನು. ನಮ್ಮ ಮಠಕ್ಕೂ ಅದಕ್ಕೂ ಸಂಬಂಧವಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.)

ಆ ಕಾನೂನಿನ ರಚನೆ ಇಂಜಿನಿಯರನಾದ ನನಗೆ ಬಹಳ ಮೆಚ್ಚುಗೆಯಾಯಿತು. ಹಮಾಲನಿಗೆ ಒಬ್ಬ ಮಾಲೀಕ ಇರುವುದಿಲ್ಲ. ಬೆಳಿಗ್ಗೆ ಒಂದು ಮಂಡಿ, ಮಧ್ಯಾಹ್ನ ಇನ್ನೊಂದು. ಹಾಗಾಗಿ ಪಿಎಫ್ ಯಾರು ಕಟ್ಟಬೇಕು ಎಂದರೆ ಎಲ್ಲರೂ ಪಕ್ಕದವನ ಕಡೆ ಕೈ ತೋರಿಸುತ್ತಾರೆ. ಅಲ್ಲಿ ಏನು ಮಾಡಿದರೆಂದರೆ, ಕೆಲಸಗಾರರು, ಮಾಲೀಕರು, ಸರ್ಕಾರ ಮೂವರೂ ಕೂಡಿದ ಮಂಡಳಿ. ಮಾಲೀಕ ಕೂಲಿಯನ್ನೂ ಅದರ ಮೇಲೆ ಇಷ್ಟು ಶೇಕಡಾ ಎಂದು ಲೆವಿಯನ್ನೂ ಮಂಡಳಿಗೆ ಕಟ್ಟುತ್ತಾನೆ. ಮಂಡಳಿ ಹಮಾಲನಿಗೆ ತಿಂಗಳಿಗೊಮ್ಮೆ ಸಂಬಳ ಕೊಡುತ್ತದೆ, ಲೆವಿಯಿಂದ ಪಿಎಫ್, ಗ್ರಾಚ್ಯುಟಿ, ಬೋನಸ್ಸು ನಡೆಯುತ್ತದೆ. ಹತ್ತು ಕಾಲುವೆಯ ನೀರನ್ನು ಒಂದು ತೊಟ್ಟಿಗೆ ತಂದು ಅಲ್ಲಿಂದ ಅಳತೆ ಮಾಡಿ ಹಂಚಿದ ಹಾಗೆ. ಹಮಾಲ ಪಂಚಾಯತ್ ಮುಂದೆ "ಕಷ್ಟಾಚಿ ಭಾಕರ್" ಎಂಬ ಹೆಸರಲ್ಲಿ ಕಡಿಮೆ ಬೆಲೆಯ ಊಟದ ಕೇಂದ್ರಗಳನ್ನೂ ನಡೆಸಿತು. ಕಷ್ಟದ ರೊಟ್ಟಿ ಎಂದು ಅರ್ಥ. ನಮ್ಮ ಕನ್ನಡದಲ್ಲಿ ಅದಕ್ಕೆ ಒಂದು ಪದ ಇದೆ, ದಾಸೋಹ.

ಕರ್ನಾಟಕದಲ್ಲಿ ಏನೂ ಇಲ್ಲವೆಂದಲ್ಲ. ಹಮಾಲಿ ಕಾರ್ಮಿಕರ ಸಂಘಗಳು ಹಲವು ಜಿಲ್ಲೆಗಳಲ್ಲಿವೆ, ಕಲ್ಯಾಣ ಮಂಡಳಿ, ಭವಿಷ್ಯ ನಿಧಿ, ಮನೆ ಎಂದು ಬಹಳ ಕಾಲದಿಂದ ಕೇಳುತ್ತ ಬಂದಿವೆ. ಎಪಿಎಂಸಿಯ ಲೈಸೆನ್ಸ್ ಇರುವ ಹಮಾಲರಿಗೆ ಕಾಯಿಲೆ, ಸಾವು ಬಂದಾಗ ನೆರವಾಗುವ ಒಂದು ಯೋಜನೆಯೂ ಇದೆ. ಅದರ ಹೆಸರು "ಕಾಯಕ ನಿಧಿ". ಹೆಸರು ನಮ್ಮದು, ಬೇಡಿಕೆ ಸಂಘದವರದು. ಆದರೆ ಲೈಸೆನ್ಸ್ ಇಲ್ಲದೆ ಖಾಸಗಿ ಗೋಡೌನಿನಲ್ಲಿ ದುಡಿಯುವ ಹುಡುಗರಿಗೆ ಅದು ಮುಟ್ಟುವುದಿಲ್ಲ. 2025ರಲ್ಲಿ ರಾಜ್ಯ ಸರ್ಕಾರ ಗಿಗ್ ಕಾರ್ಮಿಕರಿಗಾಗಿ ಕಾನೂನು ತಂದಿತು, ಒಳ್ಳೆಯದೇ. ನಿಮ್ಮ ಬಾಗಿಲಿಗೆ ಪೊಟ್ಟಣ ತಂದು ಕೊಡುವವನು ಅದರೊಳಗೆ ಬರುತ್ತಾನೆ. ಆ ಪೊಟ್ಟಣ ಕಟ್ಟಿದವಳು ಬರುವುದಿಲ್ಲ. ನಮ್ಮ ಹುಡುಗರು ಈ ಎರಡರ ನಡುವೆ ಬಿದ್ದಿದ್ದಾರೆ. ಒಂದೇ ಗೋಡೌನಿನ ನೆಲದಲ್ಲಿ ನಾಲ್ಕು ಏಜೆನ್ಸಿಯವರು, ನಾಲ್ಕು ಬಣ್ಣದ ಜಾಕೆಟ್ಟು. ಸಂಬಳ ತಡವಾದರೆ ಕಂಪನಿಯವರು ಏಜೆನ್ಸಿ ಕೇಳಿ ಅನ್ನುತ್ತಾರೆ, ಏಜೆನ್ಸಿಯವರು ಕಂಪನಿಯಿಂದ ಬಂದಿಲ್ಲ ಅನ್ನುತ್ತಾರೆ. ಹೆಣ್ಣುಮಕ್ಕಳು ಪ್ಯಾಕಿಂಗ್ ಮೇಜಿನ ಮುಂದೆ ಇಡೀ ಶಿಫ್ಟ್ ನಿಂತೇ ಇರುತ್ತಾರೆ. ಸ್ಟೂಲು ಕೇಳಿದರೆ ಕೆಲಸ ನಿಧಾನ ಆಗುತ್ತದಂತೆ. ಕೇರಳದಲ್ಲಿ ಜವಳಿ ಅಂಗಡಿಯ ಹೆಣ್ಣುಮಕ್ಕಳು ಒಟ್ಟಾಗಿ ಹೋರಾಡಿ 2018ರಲ್ಲಿ ಕೂರುವ ಹಕ್ಕನ್ನೇ ಕಾನೂನಿಗೆ ಸೇರಿಸಿದರು, 2021ರಲ್ಲಿ ತಮಿಳುನಾಡೂ ಸೇರಿಸಿತು. ಕೂರುವುದಕ್ಕೂ ಕಾನೂನು ಬೇಕಾಯಿತಲ್ಲ ಎಂದು ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ.

ಸಂಘ ಇಲ್ಲದಿದ್ದರೆ ಶಾಂತಿ ಇರುತ್ತದೆ ಎನ್ನುವವರು ನರಸಾಪುರವನ್ನು ನೆನಪು ಮಾಡಿಕೊಳ್ಳಬೇಕು. 2020ರ ಡಿಸೆಂಬರ್ 12ರ ಬೆಳಗ್ಗೆ ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಾಜು, ಕ್ಯಾಮೆರಾ, ವಾಹನ ಕಂಡಕಂಡದ್ದೆಲ್ಲ ಪುಡಿಯಾಯಿತು. ಅಲ್ಲಿ ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದ ಹುಡುಗ ಹುಡುಗಿಯರು. ಪಾಳಿ ಹನ್ನೆರಡು ಗಂಟೆಗೆ ಏರಿತ್ತು, ಸಂಬಳ ಸರಿಯಾಗಿ ಬರುತ್ತಿರಲಿಲ್ಲ. ಕೆಲವರಿಗೆ ಸಂಬಳ ಸರಿಯಾಗಿ, ಸರಿಯಾದ ಸಮಯಕ್ಕೆ ಕೊಟ್ಟಿರಲಿಲ್ಲವೆಂದು ಕಂಪನಿಯೇ ಕೆಲವು ದಿನದಲ್ಲಿ ಒಪ್ಪಿ ಕ್ಷಮೆ ಕೇಳಿತು. ಆ ಗಾಜು ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಕಟ್ಟಿದವನಿಗೆ ಒಡೆದದ್ದು ನೋಡಲಾಗುವುದಿಲ್ಲ. ಆದರೆ ಅಣೆಕಟ್ಟೆಗೆ ಕೋಡಿ ಇಡದವನು ಏರಿ ಒಡೆದಾಗ ನೀರನ್ನು ಬೈಯಬಾರದು. ನಮ್ಮ ಹಳೆಯ ಕೆರೆಗಳನ್ನು ಕಟ್ಟಿದವರಿಗೆ ಇದು ಗೊತ್ತಿತ್ತು.

ಅಮೆರಿಕದಲ್ಲೂ ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಅಮೆಜಾನ್ ಗೋದಾಮಿನವರು 2022ರ ಮಾರ್ಚ್‌ನಲ್ಲಿ ಸಂಘ ಬೇಕೇ ಬೇಡವೇ ಎಂದು ಮತ ಹಾಕಿದರು. ಬೇಕು 2,654, ಬೇಡ 2,131. ಗೇಟಿನ ಹೊರಗೆ ಬಸ್ ನಿಲ್ದಾಣದಲ್ಲಿ ಊಟ ಹಂಚುತ್ತ, ಮಾತಾಡುತ್ತ ಒಬ್ಬೊಬ್ಬರನ್ನೇ ಕೂಡಿಸಿದರಂತೆ. ಅಲ್ಲೂ ಅನ್ನವೇ ಮೊದಲು.

ಈಗ ಸಂಘಗಳ ತಪ್ಪು. ಅದನ್ನು ಮುಚ್ಚಿಟ್ಟರೆ ಈ ಲೇಖನ ಅರ್ಧ ಸುಳ್ಳಾಗುತ್ತದೆ. ಕೇರಳದಲ್ಲಿ "ನೋಕ್ಕುಕೂಲಿ" ಎಂಬುದೊಂದಿತ್ತು. ಸಾಮಾನನ್ನು ನೀವೇ ಇಳಿಸಿಕೊಂಡರೂ, ನಿಂತು ನೋಡಿದ್ದಕ್ಕೆ ಸಂಘದವರು ಕೂಲಿ ಕೇಳುತ್ತಿದ್ದರು. ದುಡಿಯದೆ ಪಡೆದದ್ದು, ಲಕ್ಕಮ್ಮನವರು ಒಪ್ಪದ ಅಕ್ಕಿ. 2018ರ ಮೇ 1ರಿಂದ ಕೇರಳ ಸರ್ಕಾರವೇ ಅದನ್ನು ನಿಷೇಧಿಸಿತು. ನಮ್ಮಲ್ಲೂ ಸಂಘದ ಹೆಸರಲ್ಲಿ ವಂತಿಗೆ ಎತ್ತಿ ಮಾಯವಾದವರು ಇದ್ದಾರೆ, ಚುನಾವಣೆ ಬಂದಾಗ ಹಮಾಲರನ್ನು ಟ್ರ್ಯಾಕ್ಟರಿನಲ್ಲಿ ತುಂಬಿಸಿಕೊಂಡು ಹೋದವರಿದ್ದಾರೆ. ಇದನ್ನು ಹುಡುಗರಿಗೂ ಹೇಳಿದೆ. ಅದಕ್ಕೇ ಸಭೆ ಬೆಳಕಿನಲ್ಲಿ ನಡೆಯಬೇಕು, ನಾಲ್ಕು ಜನ ಹಿರಿಯರು ಕೂತಿರಬೇಕು, ಲೆಕ್ಕದ ಪುಸ್ತಕ ಎಲ್ಲರ ಕಣ್ಣಿಗೆ ಬೀಳಬೇಕು ಎನ್ನುವುದು. ಮಠದ ಭವನಕ್ಕಿಂತ ಬೆಳಕಿನ ಜಾಗ ಬೇರೆ ಯಾವುದಿದೆ? ನಾವು ಬಾಗಿಲು ಹಾಕಿದರೆ ಅವರು ಬಾರಿನ ಹಿಂದಿನ ಶೆಡ್ಡಿನಲ್ಲಿ ಸೇರುತ್ತಾರೆ, ಅಲ್ಲಿ ಅವರನ್ನು ಕರೆದುಕೊಂಡು ಹೋಗುವವನು ಯಾರೋ.

ಇನ್ನೊಂದು ಮಾತು ಬರೆಯುವುದಕ್ಕೆ ನನಗೆ ಸಂಕೋಚ. ಈ ಪತ್ರಿಕೆ ಓದುವವರಲ್ಲಿ ಮಂಡಿ ಇಟ್ಟವರಿದ್ದಾರೆ, ಅಕ್ಕಿ ಗಿರಣಿ ಇಟ್ಟವರಿದ್ದಾರೆ, ಹೆದ್ದಾರಿ ಪಕ್ಕದ ಜಮೀನನ್ನು ಗೋಡೌನಿಗೆ ಬಾಡಿಗೆ ಕೊಟ್ಟವರಿದ್ದಾರೆ, ಆಳು ಪೂರೈಸುವ ಏಜೆನ್ಸಿಯವರೂ ಇದ್ದಾರೆ. ಅವರಲ್ಲಿ ನನ್ನ ಬೀಗರೂ ಉಂಟು. ಮಠಕ್ಕೆ ದೇಣಿಗೆ ಕೊಡುವವರು ಅವರೇ, ಭವನದ ಕಲ್ಲಿನ ಮೇಲೆ ಹೆಸರಿರುವುದೂ ಅವರದೇ. ಉಸ್ತುವಾರಿಯವರು ಹೆದರಿದ್ದು ಬಾವುಟಕ್ಕಲ್ಲ, ಆ ಕಲ್ಲಿನ ಮೇಲಿನ ಹೆಸರುಗಳಿಗೆ ಎಂದು ನನಗೆ ಆಮೇಲೆ ಅರ್ಥವಾಯಿತು. ಅವರನ್ನೂ ದೂರಲಾರೆ. ಆದರೆ ದಾನಿಗಳಲ್ಲಿ ಕೇಳುವುದು ಒಂದಿದೆ. ದಾಸೋಹಕ್ಕೆ ನೂರು ಚೀಲ ಅಕ್ಕಿ ಕೊಟ್ಟೆ ಎನ್ನುವಾಗ ಆ ನೂರು ಚೀಲ ಹೊತ್ತವನ ಕೂಲಿ ಪೂರ್ತಿ ಸಂದಿದೆಯೇ ಎಂದು ಒಮ್ಮೆ ರಿಜಿಸ್ಟರ್ ತೆಗೆಸಿ ನೋಡಿ. ಸಂದಿಲ್ಲದಿದ್ದರೆ ಆ ದಾನದಲ್ಲಿ ಅವನದೂ ಪಾಲಿದೆ, ಅವನನ್ನು ಕೇಳದೆ ಕೊಟ್ಟದ್ದು.

ಮಠಗಳ ಉಗ್ರಾಣಗಳ ಮಾತೂ ಬರುತ್ತದೆ. ಸಿದ್ಧಗಂಗೆಯ ಪರಮಪೂಜ್ಯ ಶಿವಕುಮಾರ ಮಹಾಸ್ವಾಮಿಗಳು ಕಷ್ಟದ ದಿನಗಳಲ್ಲಿ ಹಳ್ಳಿ ಹಳ್ಳಿ ತಿರುಗಿ ಮಕ್ಕಳ ದಾಸೋಹಕ್ಕೆ ಧಾನ್ಯ ಕೂಡಿಸಿದರು. ಗಾಡಿಗಟ್ಟಲೆ ರಾಗಿ ಬೆಟ್ಟದ ತಪ್ಪಲಿಗೆ ಬಂತು. ಆ ರಾಗಿಯನ್ನು ಗಾಡಿಯಿಂದ ಒಳಕ್ಕೆ ಹೊತ್ತು ಹಾಕಿದವರೂ ಇದ್ದರಲ್ಲ. ನಾಡಿನ ಯಾವ ದಾಸೋಹವಾದರೂ ಶುರುವಾಗುವುದು ಒಂದು ಬೆನ್ನಿನ ಮೇಲೆ. ಹಾಗಾಗಿ ಎಲ್ಲ ಮಠಗಳ ಉಗ್ರಾಣಗಳಲ್ಲಿ ಮೂಟೆ ಹೊರುವವರಿಗೆ, ಗುಡಿಸುವವರಿಗೆ, ಅಡುಗೆ ಮನೆಯ ಕೊಪ್ಪರಿಗೆ ತೊಳೆಯುವವರಿಗೆ ಹಾಜರಿ ಪುಸ್ತಕ, ಇಎಸ್‌ಐ, ವಾರದ ರಜೆ ಇದೆಯೇ ಎಂದು ಪೂಜ್ಯರು ತಾವೇ ಒಮ್ಮೆ ವಿಚಾರಿಸಬೇಕೆಂದು ಬಿನ್ನಹ. ಸೇವೆ ಎಂದು ಬಂದವರು ಬೇರೆ, ಹೊಟ್ಟೆಪಾಡಿಗೆ ಬಂದವರು ಬೇರೆ. ಇಬ್ಬರನ್ನೂ ಒಂದೇ ಹೆಸರಿನಲ್ಲಿ ಕರೆದು ಎರಡನೆಯವರ ಕೂಲಿ ಉಳಿಸುವುದು ಶರಣರ ಲೆಕ್ಕವಲ್ಲ.

ಕಾನೂನಿನ ಮಾತು ಚಿಕ್ಕದಾಗಿ. ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. 1926ರ ಕಾಯ್ದೆಯಲ್ಲಿ ಮೊದಲು ನೋಂದಣಿಗೆ ಏಳು ಜನ ಅರ್ಜಿ ಹಾಕಿದರೆ ಸಾಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಅರ್ಜಿಗೆ ಏಳೇ ಜನ, ಆದರೆ ಸದಸ್ಯರು ಆ ಸಂಸ್ಥೆಯ ಕೆಲಸಗಾರರಲ್ಲಿ ಶೇಕಡಾ ಹತ್ತು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟಾದರೂ ಇರಬೇಕು. ಮುಷ್ಕರಕ್ಕೆ ಮುಂಚೆ ನೋಟಿಸು ಕಡ್ಡಾಯವಾಗಿದೆ, ದಿಢೀರೆಂದು ಕೆಲಸ ನಿಲ್ಲಿಸುವಂತಿಲ್ಲ. ನಮ್ಮ ರಾಜ್ಯ 2023ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿ, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ ಹನ್ನೆರಡು ಗಂಟೆ ದುಡಿಸಬಹುದು, ಕೆಲಸಗಾರ ಬರೆದು ಒಪ್ಪಿದರೆ, ಎಂದಿತು. ಒಬ್ಬಂಟಿ ಹುಡುಗ ಒಪ್ಪಿಗೆ ಪತ್ರದ ಮುಂದೆ ಪೆನ್ನು ಹಿಡಿದು ನಿಂತಾಗ ಒಪ್ಪದೆ ಇನ್ನೇನು ಮಾಡುತ್ತಾನೆ?

ಕೊನೆಗೆ ಆ ಭಾನುವಾರ ಏನಾಯಿತು ಹೇಳಿಬಿಡುತ್ತೇನೆ. ಭವನದ ಬಾಗಿಲು ತೆಗೆಯಲಿಲ್ಲ. ಹುಡುಗರು ಬೆಟ್ಟದ ದಾರಿಯ ಅರಳಿಕಟ್ಟೆಯ ಮೇಲೆ ಸೇರಿದರು. ನಲವತ್ತು ಜನ ಬರಬೇಕಿತ್ತು, ಇಪ್ಪತ್ತಮೂರು ಜನ ಬಂದರು, ಉಳಿದವರಿಗೆ ಡಬಲ್ ಡ್ಯೂಟಿ. ನನ್ನ ಮನೆಯವರು ಚಿತ್ರಾನ್ನ, ಮಜ್ಜಿಗೆ ಕಳಿಸಿದ್ದರು. ಒಬ್ಬ ಹುಡುಗ ನೀರಿನ ಬಗ್ಗೆ, ಬಚ್ಚಲಿನ ಬಗ್ಗೆ ಮಾತಾಡಿದ. ಒಬ್ಬಳು ಹೆಣ್ಣುಮಗಳು ಸ್ಟೂಲಿನ ಬಗ್ಗೆ, ರಾತ್ರಿ ಬಸ್ಸು ಊರೊಳಗೆ ಬಿಡದೆ ಹೆದ್ದಾರಿಯಲ್ಲೇ ಇಳಿಸುವ ಬಗ್ಗೆ ಹೇಳಿದಳು. ಸಂಬಳದ ಮಾತು ಮೂರನೆಯದಾಗಿ ಬಂತು, ಅದೂ ಹೆಚ್ಚಿಸಿ ಎಂದಲ್ಲ, ಏಳನೇ ತಾರೀಕಿನೊಳಗೆ ಕೊಡಿ ಎಂದು. ನಾನು ನಡಾವಳಿ ಬರೆದೆ, ಮೂವತ್ತು ವರ್ಷ ಸರ್ಕಾರಿ ಸಭೆಗಳ ನಡಾವಳಿ ಬರೆದ ಕೈ. ಎಲ್ಲರೂ ಸಹಿ ಹಾಕಿದರು. ಒಬ್ಬ ಸಹಿ ಹಾಕುವ ಮುಂಚೆ ಎರಡು ಸಲ ಓದಿಸಿಕೊಂಡ.

ಮುಂದಿನ ಸಭೆಗೆ ಮಳೆ ಬಂದರೆ ಕಟ್ಟೆ ಸಾಲುವುದಿಲ್ಲ. ಭವನಕ್ಕೆ ಎರಡನೇ ಅರ್ಜಿ ಕೊಟ್ಟಿದ್ದೇನೆ, ಅದರ ಜೊತೆ ಆ ನಡಾವಳಿಯ ಪ್ರತಿಯನ್ನೂ ಇಟ್ಟಿದ್ದೇನೆ. ಶುಲ್ಕ ಮದುವೆಗೆ ಎಷ್ಟೋ ಅಷ್ಟೇ ಕಟ್ಟುತ್ತೇವೆ ಎಂದು ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.